ಎಡಗಡೆಯ ಟೈರು

ನನ್ನ ಕಾರಿನ ಎಡಗಡೆಯ ಟೈರು ಒಳಅಂಚಿನಲ್ಲಿ ತಂತಿ ಕಾಣುವಷ್ಟು ಸವೆದಿತ್ತು. ಆಗಿದ್ದು ಇಷ್ಟೇ. ಇಷ್ಟಕ್ಕೇ ಊರಿಗೆ ಊರೇ ನನ್ನನ್ನು ಹಾದರಗಿತ್ತಿ ಮಾಡಿ ಕೂರಿಸಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮ ಡಾನಿಗಾಲ್‌ನವರು. ಈಗ ಅವರೇ ನನ್ನನ್ನು ಕಂಡರೆ ತಲೆ ತಗ್ಗಿಸಿ ಹೋಗುತ್ತಾರೆ. ಹೋಗಲಿ, ನನಗೇನು.

ಕಾರು ನನ್ನದೇ. ಹಳೆಯ ಕಪ್ಪು ಸಿವಿಕ್. ಮದುವೆಗೆ ಮುಂಚೆ ಮೀನು ಕಾರ್ಖಾನೆಯಲ್ಲಿ ಕೈ ಮರಗಟ್ಟುವಂತೆ ದುಡಿದು ಕೊಂಡದ್ದು. ಸ್ಪ್ರಿಂಗು ಬದಲಿಸಿ ಅದನ್ನು ನೆಲಕ್ಕೆ ಇಳಿಸಿದವಳೂ ನಾನೇ; ಅಡಿಯಲ್ಲಿ ಬೆಕ್ಕು ಕೂಡ ನುಸುಳುತ್ತಿರಲಿಲ್ಲ. ನಮ್ಮ ಕಡೆ ಹುಡುಗ ಹುಡುಗಿ ಎಂಬ ಭೇದವಿಲ್ಲ, ಕೈಗೆ ಕಾರು ಬಂತೆಂದರೆ ಮೊದಲು ಇಳಿಸುವುದು, ಆಮೇಲೆ ಓಡಿಸುವುದು. ನನ್ನ ಗಂಡ ಕಾಹಲ್ ನನ್ನನ್ನು ಮೊದಲು ಕಂಡದ್ದೂ ಜೂನ್ ತಿಂಗಳ ಕಾರು ಓಟದ ರ‍್ಯಾಲಿಯಲ್ಲಿ. ಮೊದಲು ಕಾರು ನೋಡಿದ, ಆಮೇಲೆ ನನ್ನನ್ನು. ಇದನ್ನು ಅವನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದ.

ಇಳಿಸಿದ ಕಾರಿನ ಗೋಳೇ ಬೇರೆ. ಚಕ್ರ ನೆಟ್ಟಗೆ ನಿಲ್ಲುವುದಿಲ್ಲ, ಮೇಲ್ತುದಿ ಒಳಕ್ಕೆ ವಾಲುತ್ತದೆ, ಭಾರವೆಲ್ಲ ಟೈರಿನ ಒಳಅಂಚಿನ ಮೇಲೆ ಬೀಳುತ್ತದೆ. ಹೊರಗಿನಿಂದ ನೋಡಿದರೆ ಹೊಸ ಟೈರು, ಒಳಗೆ ಬೋಳು. ಅದಕ್ಕೇ ಅಲೈನ್‌ಮೆಂಟ್ ಮಾಡುವಾಗ ಕಾರು ಓಡಿಸುವವರೇ ಸೀಟಿನಲ್ಲಿ ಕೂರಬೇಕು. ಆ ಭಾರಕ್ಕೆ ಕಾರು ಎಷ್ಟು ತಗ್ಗುತ್ತದೋ ನೋಡಿಕೊಂಡು ಟೈರಂಗಡಿ ಹ್ಯೂಡಿ ಚಕ್ರವನ್ನು ಸರಿಮಾಡುತ್ತಾನೆ. ಕೂರಲು ಪುರುಸೊತ್ತಿಲ್ಲದವರ ಬದಲಿಗೆ ಕುರಿ ಹಿಂಡಿಯ ಮೂಟೆ ಇಡುತ್ತಾನೆ. ಇಡುವಾಗ, "ನಿನ್ ಹೆಂಡ್ತಿಗೆ ಎರಡು ಮೂಟೆ ಸಾಕಾ, ಇನ್ನೊಂದು ಹೇರ್ಲಾ?" ಎಂದು ಅಂಗಳಕ್ಕೆಲ್ಲ ಕೇಳುವಂತೆ ಕೂಗುತ್ತಾನೆ. ಅವನ ನಾಲಿಗೆಗೆ ಎಲುಬಿಲ್ಲ.

ಆ ಶನಿವಾರ ಕಾಹಲ್ ಸಮುದ್ರದಿಂದ ಆಗಷ್ಟೇ ಬಂದಿದ್ದ. ಅವನದು ಕಿಲಿಬೆಗ್ಸ್ ಬಂದರಿನ ಮೀನು ದೋಣಿಯ ಕೆಲಸ, ಹೋದರೆ ವಾರಗಟ್ಟಲೆ ಮನೆಯಿಲ್ಲ. ಕಾರು ಎಡಕ್ಕೆ ಎಳೆಯುತ್ತಿದೆ ಎಂದು ನಾನೇ ಹ್ಯೂಡಿಯ ಹತ್ತಿರ ತಂದಿದ್ದೆ, ಕಾಹಲ್ ಸುಮ್ಮನೆ ಜೊತೆಗೆ ಬಂದಿದ್ದ. ಅಂಗಳದಲ್ಲಿ ಎಂದಿನಂತೆ ಕೆಲಸವಿಲ್ಲದ ನಾಲ್ಕು ಗಂಡಸರು ಚಹಾ ಕುಡಿಯುತ್ತ ನಿಂತಿದ್ದರು. ಹ್ಯೂಡಿ ಚಕ್ರ ಬಿಚ್ಚಿ ಟೈರಿನ ಒಳಮೈ ಸವರಿದ, ತಂತಿ ಚುಚ್ಚಿತೆಂದು ಬೆರಳನ್ನು ಬಾಯಿಗಿಟ್ಟುಕೊಂಡ.

"ಕಾಹಲ್, ಬಾರೋ ಇಲ್ಲಿ. ತಮಾಷೆ ನೋಡು."

"ಏನು, ಹೋಯ್ತಾ?"

"ಬಲಗಡೇದು ಹೂವಿನ ಹಾಗಿದೆ. ಎಡಗಡೆ ಮುಂದಿಂದೂ ಹಿಂದಿಂದೂ ಒಳಗಡೆ ತಿಂದ್‌ಹಾಕಿದೆ. ನಾನು ಅಲೈನ್‌ಮೆಂಟ್ ಕೂರಿಸ್ದಾಗ ನಿನ್ ಹೆಂಡ್ತಿ ಒಬ್ಳೇ ಕೂತಿದ್ಲು. ಆಗ ಪಕ್ಕದ ಸೀಟು ಖಾಲಿ."

"ಅದಕ್ಕೆ?"

"ಅದಕ್ಕೇನು, ಈಗ ಖಾಲಿ ಇಲ್ಲ ಅಂತ." ಹ್ಯೂಡಿ ಗಂಡಸರ ಕಡೆ ಕಣ್ಣು ಹೊಡೆದ. "ಯಾರೋ ಭರ್ಜರಿ ಆಸಾಮಿ ಪಕ್ಕದಲ್ಲಿ ಕೂತ್ಕೊಂಡು ದೂರ ದೂರ ಹೋಗ್ಬರ್ತಾನೆ. ನೀನಂತೂ ಅಲ್ಲ ಬಿಡು. ನಿನ್ನ ಒದ್ದೆ ಮಾಡಿ ತೂಗಿದ್ರೂ ಒಂದು ಕೋಳಿಯಷ್ಟಿಲ್ಲ."

ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬನ ಮೂಗಿನಿಂದ ಚಹಾ ಬಂತು. ಕಾಹಲ್ ಕೂಡ ನಕ್ಕ, ಆದರೆ ನಗುತ್ತಲೇ ನನ್ನ ಮುಖ ನೋಡಿದ.

"ರಸ್ತೆ ಗುಂಡಿ ಎಲ್ಲ ಎಡಗಡೆ ಅಂಚಲ್ಲೇ ಇರೋದು, ಗೊತ್ತಿಲ್ವಾ ನಿಂಗೆ? ಬಾಯ್ಮುಚ್ಕೊಂಡು ಟೈರು ಹಾಕು, ಹ್ಯೂಡಿ," ಎಂದೆ. ಮಾತು ಸರಿಯಾಗಿಯೇ ಇತ್ತು. ಆದರೆ ನನ್ನ ಮುಖ ಕಿವಿಯ ತನಕ ಕೆಂಪಾಗಿತ್ತು, ಅದನ್ನು ಅಂಗಳದಲ್ಲಿದ್ದವರೆಲ್ಲ ನೋಡಿದರು.

ಕೆಂಪಾಗದೆ ಇನ್ನೇನು? ಪಕ್ಕದ ಸೀಟಿನಲ್ಲಿ ಭರ್ಜರಿ ಆಸಾಮಿ ಕೂರುತ್ತಿದ್ದುದು ನಿಜವೇ. ಅದು ನನ್ನ ಅತ್ತೆ ಫಿಲೊಮಿನಾ.

ಅತ್ತೆಗೆ ಇಬ್ಬರು ಮಕ್ಕಳು. ಹಿರಿಯವನು ಮ್ಯಾನಸ್, ಕಿರಿಯವನು ಕಾಹಲ್. ಮೂರು ವರ್ಷದ ಹಿಂದೆ ರ‍್ಯಾಲಿ ಮುಗಿಸಿಕೊಂಡು ಬರುವಾಗ ಮ್ಯಾನಸ್ ಕುಡಿದು ಕಾರು ಓಡಿಸಿ ಕಲ್ಲಿನ ಗೋಡೆಗೆ ಗುದ್ದಿದ. ಪಕ್ಕದಲ್ಲಿದ್ದ ಫಿಂಟನ್ ಅಲ್ಲೇ ಸತ್ತ. ಫಿಂಟನ್ ಎಂದರೆ ಕಾಹಲ್‌ನ ಜೀವ. ಒಂದೇ ದೋಣಿಯಲ್ಲಿ ಕೆಲಸ, ನಮ್ಮ ಮಗಳು ಡರ್ವ್ಲಾಳಿಗೆ ದೀಕ್ಷಾಸ್ನಾನದಲ್ಲಿ ನಿಂತ ಧರ್ಮತಂದೆ. ಮ್ಯಾನಸ್ ಜೈಲಿಗೆ ಹೋದ. ಶಿಕ್ಷೆಯಾದ ದಿನ ಕಾಹಲ್ ಅಡುಗೆಮನೆಯಲ್ಲಿ, ಕೆಂಪು ದೀಪದ ಕೆಳಗಿನ ಪವಿತ್ರ ಹೃದಯದ ದೇವರಪಟದ ಮುಂದೆ ತಾಯಿಯನ್ನು ನಿಲ್ಲಿಸಿ ಆಣೆ ಹಾಕಿಸಿಕೊಂಡ. ಆ ನಾಯಿಯ ಮುಖ ನೋಡಬಾರದು. ನೋಡಿದರೆ ಈ ಮನೆಯಲ್ಲಿ ಜಾಗವಿಲ್ಲ. ಮಾವ ಸಾಯುವ ಮುಂಚೆ ಮನೆ, ಹೊಲ, ಕುರಿ ಎಲ್ಲವನ್ನೂ ಕಾಹಲ್‌ನ ಹೆಸರಿಗೆ ಮಾಡಿಟ್ಟಿದ್ದ, ಹಾಗಾಗಿ ಅದು ಬರೀ ಬಾಯಿಮಾತಲ್ಲ.

ಅತ್ತೆ ಆಣೆ ಹಾಕಿದಳು. ಹಾಕಿದ ಮೇಲೆ ಒಂದು ತಿಂಗಳು ಸರಿಯಾಗಿ ಊಟ ಮಾಡಲಿಲ್ಲ. ಒಂದು ದಿನ ಕಾಹಲ್ ಸಮುದ್ರಕ್ಕೆ ಹೋದಾಗ ನನ್ನ ಕೈ ಹಿಡಿದುಕೊಂಡಳು. "ಒಂದೇ ಒಂದು ಸಲ, ಬ್ರೋನಾ. ಉಸಿರಾಡ್ತಿದಾನಾ ಅಂತ ನೋಡಿ ಬರ್ತೀನಿ." ನಾನು ಕರಗಿದೆ. ಒಂದು ಸಲ ಹೋಗಿ ತಿಂಗಳಿಗೆ ಎರಡು ಸಲ ಆಯಿತು. ಅವಳು ಬೆಳಗಿನ ಪೂಜೆಗೆ ಅಂತ ಚರ್ಚಿಗೆ ಹೋಗುವುದು, ನಾನು ಮಗಳನ್ನು ಶಾಲೆಗೆ ಬಿಟ್ಟು ಚರ್ಚಿನ ಪಕ್ಕದ ಬಾಗಿಲಿಗೆ ಕಾರು ತರುವುದು, ಅಲ್ಲಿಂದ ದೇಶದ ನಡುಭಾಗದ ಆ ಜೈಲಿನ ತನಕ ಹೋಗಿಬರುವುದು. ಡರ್ವ್ಲಾ ಶಾಲೆ ಬಿಟ್ಟ ಮೇಲೆ ನನ್ನ ತಂಗಿಯ ಮನೆಯಲ್ಲಿ ಇರುತ್ತಿದ್ದಳು. ತಂಗಿಗೆ ಅಂಗಡಿ ಸುತ್ತಲು ಹೋಗುತ್ತೇನೆ ಎಂದಿದ್ದೆ. ಯಾರಿಗೂ ಹೇಳುವುದಿಲ್ಲ ಎಂದು ಅತ್ತೆಗೆ ಮಾತು ಕೊಟ್ಟಿದ್ದೆ, ಉಳಿಸಿಕೊಂಡೂ ಇದ್ದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಹ್ಯೂಡಿಯ ಅಂಗಳದಿಂದ ಮನೆಗೆ ಬಂದೆವು. ಊಟಕ್ಕೆ ಕೂತಾಗ ಕಾಹಲ್ ಶುರುಮಾಡಿದ.

"ನಾನಿಲ್ದಾಗ ಡರ್ವ್ಲಾನ ಯಾಕೆ ನಿನ್ ತಂಗಿ ಮನೇಲಿ ಬಿಡ್ತೀಯ?"

"ಅಂಗಡಿಗೆ ಹೋಗಿರ್ತೀನಿ."

"ಏನು ತಂದೆ ಅಂಗಡಿಯಿಂದ? ತೋರ್ಸು."

ತೋರಿಸಲು ಏನಿತ್ತು, ಮಣ್ಣು. ಎದುರಿಗೆ ಅತ್ತೆ ಕೂತಿದ್ದಳು. ಆಲೂಗಡ್ಡೆಗೆ ಬೆಣ್ಣೆ ಹಚ್ಚುತ್ತಲೇ ಇದ್ದಳು, ತಲೆ ಎತ್ತಲಿಲ್ಲ. ನಾನು ಅವಳ ಕಾಲನ್ನು ಮೇಜಿನ ಕೆಳಗಿಂದ ತುಳಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

ಮಾತು ಎಂಬುದು ನಮ್ಮೂರಲ್ಲಿ ಕಾರಿಗಿಂತ ಜೋರಾಗಿ ಓಡುತ್ತದೆ. ಸೋಮವಾರದ ಹೊತ್ತಿಗೆ ಊರಿನ ದಪ್ಪ ಗಂಡಸರೆಲ್ಲ ಅನುಮಾನಕ್ಕೆ ಸಿಕ್ಕಿದ್ದರು. ಮಾಂಸದಂಗಡಿಯವನೇ ಇರಬೇಕು ಎಂದರು ಕೆಲವರು, ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಎಂದರು ಕೆಲವರು, ಒಬ್ಬ ಪಾಪಿಯಂತೂ ಪಾದ್ರಿಯ ಹೆಸರನ್ನೂ ಎತ್ತಿದನಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮಾಂಸದಂಗಡಿಯವನು ನಾನು ಒಳಗೆ ಕಾಲಿಟ್ಟ ಕೂಡಲೇ ಹಿಂದಿನ ಕೋಣೆಗೆ ಓಡಿದ. ಅವನ ಹೆಂಡತಿ ನನಗೆ ಸಾಸೇಜು ಕಟ್ಟಿಕೊಡುವಾಗ, "ಮನೇಲಿ ಸಾಕಾಗೋದಿಲ್ಲ ಅಂತ ಕಾಣುತ್ತೆ ನಿಂಗೆ," ಎಂದಳು. ಸಾಸೇಜನ್ನು ಅವಳ ಮುಖಕ್ಕೆ ಎಸೆದು ಬಂದೆ. ಎಸೆದದ್ದೇ ತಪ್ಪಾಯಿತು, ಸತ್ಯ ಇಲ್ಲದಿದ್ದರೆ ಇವಳಿಗೆ ಇಷ್ಟು ಕೋಪ ಯಾಕೆ ಎಂದರು.

ಕಾಹಲ್ ಆ ಸಲ ದೋಣಿ ಹತ್ತಲಿಲ್ಲ. ಮನೆಯಲ್ಲೇ ಕೂತು ನನ್ನನ್ನು ನೋಡುತ್ತಿದ್ದ. ನಾನು ಫೋನು ಮುಟ್ಟಿದರೆ ನೋಡುತ್ತಿದ್ದ, ಕನ್ನಡಿ ಮುಂದೆ ನಿಂತರೆ ನೋಡುತ್ತಿದ್ದ. ಕಡೆಗೊಂದು ಬೆಳಿಗ್ಗೆ ನನ್ನ ಬಟ್ಟೆಗಳನ್ನೆಲ್ಲ ಕಪ್ಪು ಕಸದ ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟ.

"ಬರೋ ಸೋಮವಾರ ದೋಣಿ ಮತ್ತೆ ಹೊರಡುತ್ತೆ. ಅಷ್ಟರೊಳಗೆ ಹೆಸರು ಹೇಳು. ಹೇಳಿದ್ರೆ ಆ ನಾಯಿಮಗನನ್ನ ನೋಡ್ಕೊಂಡು ಆಮೇಲೆ ನಿನ್ ಯೋಚನೆ ಮಾಡ್ತೀನಿ. ಇಲ್ಲಾಂದ್ರೆ ನಿಮ್ಮಪ್ಪನ ಮನೆಗೆ ನಡಿ."

"ಡರ್ವ್ಲಾ?"

"ಡರ್ವ್ಲಾ ಇಲ್ಲೇ ಇರ್ತಾಳೆ. ಮ್ಯಾಮಿ ನೋಡ್ಕೊಳ್ತಾಳೆ," ಎಂದ. ತಾಯಿಯನ್ನು ಅವನು ಕರೆಯುವುದೇ ಹಾಗೆ.

ಮಗಳಿಗೆ ಆರು ವರ್ಷ. ಮುಂದಿನ ಹಲ್ಲು ಅಲ್ಲಾಡುತ್ತಿತ್ತು, ಅದನ್ನು ನಾಲಿಗೆಯಿಂದ ನೂಕುತ್ತ ಚೀಲಗಳ ಪಕ್ಕ ನಿಂತು, "ಅಮ್ಮ, ಇದೆಲ್ಲ ಕಸಾನಾ?" ಎಂದು ಕೇಳಿತು.

ಕಾಹಲ್ ಕುರಿಗಳ ಕಡೆ ಹೋದ ಮೇಲೆ ನಾನು ಅಡುಗೆಮನೆಗೆ ಹೋದೆ. ಅತ್ತೆ ಸಿಂಕಿನ ಮುಂದೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

"ಫಿಲೊಮಿನಾ, ಹೇಳಿಬಿಡಿ ಅವನಿಗೆ."

"ಏನಂತ?"

"ಏನಂತಾನಾ? ನನ್ನ ಮಗಳನ್ನ ಕಿತ್ಕೊಳ್ತಿದಾನೆ, ನೋಡಿಲ್ವಾ ನೀವು?"

ಅವಳು ಚಾಕು ಕೆಳಗಿಟ್ಟು ಕೈ ಒರೆಸಿಕೊಂಡಳು. ಅವಳ ದನಿ ಮೆತ್ತಗಿತ್ತು. "ನೋಡು ಮಗಳೇ, ನಾನು ಹೇಳಿದ್ರೆ ಬೀದಿಗೆ ಬೀಳ್ತೀನಿ. ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಲಿ? ಸ್ಲೈಗೋಲಿರೋ ತಂಗಿ ಮನೇಲಿ ಎಷ್ಟು ದಿನ ಬಿದ್ದಿರ್ಲಿ? ಮೊಮ್ಮಗಳೂ ಇಲ್ಲ, ಮನೇನೂ ಇಲ್ಲ. ನೀನು ಚಿಕ್ಕೋಳು, ನೋಡೋಕೆ ಚೆನ್ನಾಗಿದೀಯ. ನಿಂಗೆ ಗಂಡ ಇನ್ನೊಬ್ಬ ಸಿಗ್ತಾನೆ. ನಂಗೆ ಮಗ ಇನ್ನೊಬ್ಬ ಸಿಗ್ತಾನಾ?"

"ನನ್ನ ಮಗಳು ಇನ್ನೊಬ್ಬಳು ಸಿಗ್ತಾಳಾ?"

"ಡರ್ವ್ಲಾನ ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ತೀನಿ. ಆ ಚಿಂತೆ ನಿಂಗೆ ಬೇಡ," ಎಂದು ಮತ್ತೆ ಚಾಕು ಎತ್ತಿಕೊಂಡಳು. ನನಗೆ ಸಮಾಧಾನ ಹೇಳುತ್ತಿದ್ದೇನೆ ಎಂದೇ ಅವಳು ತಿಳಿದುಕೊಂಡಿದ್ದಳು.

ಅಂದು ಸಂಜೆ ಚಹಾದ ಹೊತ್ತಿಗೆ ನಾನು ಕೊಟ್ಟ ಮಾತನ್ನು ಮುರಿದೆ. ಎಲ್ಲ ಹೇಳಿದೆ. ಜೈಲು, ಚರ್ಚಿನ ಪಕ್ಕದ ಬಾಗಿಲು, ಮ್ಯಾನಸ್‌ಗೆ ಅವಳು ಹೆಣೆದುಕೊಟ್ಟ ಕಾಲುಚೀಲ, ಎಲ್ಲ. ಕಾಹಲ್ ತಾಯಿಯ ಕಡೆ ತಿರುಗಿದ.

"ಮ್ಯಾಮಿ?"

ಅತ್ತೆ ಬಟ್ಟಲನ್ನು ತಟ್ಟೆಯ ಮೇಲೆ ಸದ್ದಾಗದಂತೆ ಇಟ್ಟಳು. ಪಟದ ಕಡೆ ನೋಡಿ ಶಿಲುಬೆ ಗುರುತು ಹಾಕಿಕೊಂಡಳು. "ದೇವರು ಇವಳನ್ನ ಕ್ಷಮಿಸ್ಲಿ. ಆ ಕಾರಲ್ಲಿ? ನಾನು? ನನ್ನ ಮಂಡಿ ನೋಡಿದೀಯಲ್ಲ ಮಗಾ, ಮೆಟ್ಟಿಲು ಇಳಿಯೋಕೇ ನೀನು ಕೈ ಕೊಡ್ಬೇಕು. ಆ ನೆಲಕ್ಕಂಟಿದ ಡಬ್ಬಿಯೊಳಗೆ ನನ್ನ ತೂರಿಸ್ಬೇಕಂದ್ರೆ ಬಂದರಿನ ಕ್ರೇನೇ ತರ್ಬೇಕು."

ಕಾಹಲ್ ಅವಳ ಮಂಡಿಗಳನ್ನು ನೋಡಿದ. ಊದಿಕೊಂಡು ಎಲೆಕೋಸಿನ ಗಾತ್ರ ಇದ್ದವು. ಅವನಿಗೆ ಅಷ್ಟೇ ಸಾಕಾಯಿತು.

"ಮ್ಯಾನಸ್‌ನನ್ನೇ ಕೇಳು!" ಎಂದು ಕಿರುಚಿದೆ. ಆ ಹೆಸರು ಕಿವಿಗೆ ಬಿದ್ದಿದ್ದೇ ತಡ, ಅವನ ಮುಂದಿದ್ದ ತಟ್ಟೆ ಗೋಡೆಗೆ ಬಡಿದು ಚೂರಾಯಿತು. "ನಿನ್ನ ಮಿಂಡನನ್ನ ಉಳಿಸ್ಕೊಳ್ಳೋಕೆ ನನ್ ತಾಯಿ ಮೇಲೆ ಹಾಕ್ತೀಯಾ? ಅದೂ ಆ ಕೊಲೆಗಡುಕನ ಹೆಸರು ಹೇಳಿ? ಥೂ!" ಉಗಿದದ್ದು ನನ್ನ ಮುಖಕ್ಕೆ ಬೀಳಲಿಲ್ಲ, ಪಕ್ಕಕ್ಕೆ ಬಿತ್ತು. ಅತ್ತೆ ಎದ್ದು ಚೂರುಗಳನ್ನು ಗುಡಿಸಿದಳು. "ಹೋಗ್ಲಿ ಬಿಡು ಮಗಾ, ಬಾಯಿ ತಪ್ಪಿ ಅಂದಿದಾಳೆ," ಎಂದಳು. ನನ್ನ ಪರವಾಗಿ ಮಾತಾಡಿದಳು, ನೋಡಿ. ಎಂಥ ದೊಡ್ಡ ಮನಸ್ಸು!

ಅವತ್ತು ನನ್ನೊಳಗೆ ಕರುಣೆ ಎಂಬುದು ಸತ್ತಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಕಾಲ ಬರಲಿ ಎಂದು ಕಾಯುತ್ತ ಕೂರಲು ನನಗೆ ಸಮಯವಿರಲಿಲ್ಲ, ಸೋಮವಾರ ದೋಣಿ ಹೊರಡುತ್ತಿತ್ತು. ಎಲ್ಲರ ಎದುರು ಕಾರಿನಲ್ಲಿ ಕೂತು ತೋರಿಸು ಎಂದು ಅವಳಿಗೆ ಸವಾಲು ಹಾಕಬಹುದಿತ್ತು. ಹಾಕಿದ್ದರೆ ಆ ಮುದುಕಿ ಬೇಕೆಂದೇ ನೆಲಕ್ಕೆ ಬಿದ್ದು ಹೊರಳಾಡಿ ನನ್ನನ್ನೇ ರಾಕ್ಷಸಿ ಮಾಡುತ್ತಿದ್ದಳು. ಅವಳಿಗೆ ಗೊತ್ತಾಗದ ಹಾಗೆ ಅವಳನ್ನು ಕೂರಿಸಬೇಕಿತ್ತು. ಅದಕ್ಕೆ ಏನು ಕೊಟ್ಟರೆ ಬರುತ್ತಾಳೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಕೋಣೆಯಲ್ಲಿ ಕೋಟು ಹಾಕಿಕೊಳ್ಳುತ್ತಿದ್ದಾಗ ಹೋಗಿ ಬಾಗಿಲು ಮುಚ್ಚಿದೆ.

"ನಾನು ಸೋತೆ, ಫಿಲೊಮಿನಾ. ನಾಳೆ ಅಪ್ಪನ ಮನೆಗೆ ಹೋಗ್ತೀನಿ. ಇನ್ಮೇಲೆ ನಿಮ್ಮನ್ನ ಮ್ಯಾನಸ್ ಹತ್ರ ಕರ್ಕೊಂಡು ಹೋಗೋರು ಯಾರೂ ಇರಲ್ಲ. ಇವತ್ತೊಂದು ದಿನ ಭೇಟಿಗೆ ಬುಕ್ ಮಾಡಿದೀನಿ. ಕೊನೇ ಸಲ ನೋಡ್ಕೊಂಡು ಬನ್ನಿ."

ಅವಳು ನನ್ನನ್ನೇ ದಿಟ್ಟಿಸಿದಳು. "ಯಾಕೆ? ನಾನು ನಿಂಗೆ ಅಂಥದ್ದು ಮಾಡಿದ ಮೇಲೂ ಯಾಕೆ?"

"ಡರ್ವ್ಲಾ ನಿಮ್ ಕೈಯಲ್ಲಿರ್ತಾಳೆ. ವಾರಕ್ಕೊಂದು ಸಲ ಫೋನಲ್ಲಿ ಅವಳ ದನಿ ಕೇಳಿಸಿ, ಸಾಕು."

"ಕಾಹಲ್?"

"ಬಲೆ ತುಂಬೋಕೆ ಬಂದರಿಗೆ ಹೋಗ್ತಾನೆ. ಬರೋದು ಸಂಜೆ. ಪೂಜೆ ಮುಗಿದ ಮೇಲೆ ಪಕ್ಕದ ಬಾಗಿಲಿಗೆ ಬನ್ನಿ."

ನಂಬಿದಳು. ಮಗನ ಹೆಸರು ಹೇಳಿದರೆ ಅವಳು ನರಕಕ್ಕೆ ಹೋಗುವ ಬಸ್ಸನ್ನೂ ಹತ್ತುತ್ತಿದ್ದಳು. ಕಣ್ಣು ತುಂಬಿಕೊಂಡು ನನ್ನ ಕೆನ್ನೆಗೆ ಮುತ್ತಿಟ್ಟಳು. "ನೀನು ಒಳ್ಳೇ ಹುಡುಗಿ ಕಣೇ, ಬ್ರೋನಾ. ನಂಗೊತ್ತು, ನೀನು ಒಳ್ಳೇ ಹುಡುಗಿ," ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಹಿಂದಿನ ದಿನ ಮಾಡಿದ್ದ ಬನ್ನಿನಂಥ ಸ್ಕೋನ್‌ಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಕಾಹಲ್‌ಗೆ ನಾನು ಹೇಳಿದ್ದು ಬೇರೆ. ಕೊಟ್ಟಿಗೆಯ ಹತ್ತಿರ ಹೋಗಿ, "ನನ್ನ ಪಕ್ಕ ಕೂರೋರು ಯಾರು ಅಂತ ನಿಂಗೆ ನೋಡ್ಬೇಕಲ್ವಾ? ಪೂಜೆ ಮುಗಿಯೋ ಹೊತ್ತಿಗೆ ಚರ್ಚಿನ ಪಕ್ಕದ ಬಾಗಿಲ ಹತ್ರ ಇರು. ಹ್ಯೂಡಿನೂ ಕರ್ಕೊಂಡು ಬಾ. ಅವನೇ ತಾನೇ ಕಂಡುಹಿಡಿದಿದ್ದು," ಎಂದೆ. ಅವನ ದವಡೆ ಬಿಗಿಯಿತು. ಮಾಂಸದಂಗಡಿಯವನನ್ನು ಹೊಡೆಯಲು ಕಬ್ಬಿಣದ ಸಲಾಕೆ ಜೀಪಿಗೆ ಹಾಕಿಕೊಂಡನಂತೆ, ಆಮೇಲೆ ಗೊತ್ತಾಯಿತು.

ಮಳೆ ಬರುತ್ತಿತ್ತು. ನಮ್ಮಲ್ಲಿ ಗಂಡಸರು ಕೊನೆಯ ಆಶೀರ್ವಾದಕ್ಕೂ ಕಾಯದೆ ಪಕ್ಕದ ಬಾಗಿಲಿನಿಂದ ಹೊರಬಿದ್ದು ಚಾವಣಿಯ ಕೆಳಗೆ ಸಿಗರೇಟು ಹಚ್ಚುವವರೇ. ಅವತ್ತೂ ಏಳೆಂಟು ಜನ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಹ್ಯೂಡಿ ನಿಂತಿದ್ದ. ಕಾಹಲ್ ಕಂಬದ ಹಿಂದೆ ಮರೆಯಾಗಿದ್ದ. ನಾನು ಕಾರನ್ನು ಮೆಟ್ಟಿಲಿಗೆ ತಾಗುವಷ್ಟು ಹತ್ತಿರ ತಂದು ನಿಲ್ಲಿಸಿದೆ, ಎಂಜಿನ್ ಆರಿಸಲಿಲ್ಲ, ಕೈ ಚಾಚಿ ಎಡಬಾಗಿಲು ತೆರೆದೆ. ನನ್ನ ಮಿಂಡನನ್ನು ನೋಡಲು ಗಂಡಸರೆಲ್ಲ ಕತ್ತು ಉದ್ದ ಮಾಡಿದರು.

ಅತ್ತೆ ಕೊನೆಯಲ್ಲಿ ಬಂದಳು. ತಲೆಯ ಮೇಲೆ ಪ್ಲಾಸ್ಟಿಕ್ ಟೋಪಿ, ಕನ್ನಡಕದ ಮೇಲೆ ಮಳೆಹನಿ, ತಲೆ ಬಗ್ಗಿಸಿ ಮೆಟ್ಟಿಲನ್ನೇ ನೋಡುತ್ತ ಇಳಿದಳು. ಅಕ್ಕಪಕ್ಕ ನೋಡಲಿಲ್ಲ. ಕಾರಿಗೆ ಬೆನ್ನು ತಿರುಗಿಸಿದಳು, ಎಡಗೈಯಲ್ಲಿ ಅದರ ಚಾವಣಿ ಹಿಡಿದಳು, ಸೊಂಟವನ್ನು ಮೊದಲು ಸೀಟಿಗೆ ಇಳಿಬಿಟ್ಟಳು, ಎರಡೂ ಮಂಡಿ ಜೋಡಿಸಿಕೊಂಡು ಕಾಲುಗಳನ್ನು ಒಂದೇ ಸಲಕ್ಕೆ ಒಳಗೆಳೆದುಕೊಂಡಳು. ಕ್ರೇನು ಬೇಕಾಗಲಿಲ್ಲ. ಹಾಗೆ ಕೂರಲು ಅವಳು ಒಂದು ಇಡೀ ಚಳಿಗಾಲ ಕಲಿತಿದ್ದಳು. ಅಷ್ಟಾಗಿದ್ದರೂ ಜಾಣೆ ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದಳೋ ಏನೋ, ಮಳೆಗೆ ಹತ್ತಿದೆ ಎನ್ನುತ್ತಿದ್ದಳೋ ಏನೋ. ಆದರೆ ನನ್ನ ಕಾರಿನ ಬೆಲ್ಟು ಮಾಮೂಲಿಯದಲ್ಲ, ರೇಸಿನದು. ಎರಡು ಪಟ್ಟಿ ಹೆಗಲ ಮೇಲಿಂದ, ಎರಡು ಸೊಂಟದ ಬದಿಯಿಂದ, ನಾಲ್ಕೂ ಹೊಟ್ಟೆಯ ಮೇಲಿನ ಒಂದೇ ಬಿಲ್ಲೆಗೆ ಕೂರಬೇಕು, ಕ್ರಮ ತಪ್ಪಿದರೆ ಕೂರುವುದಿಲ್ಲ. ಹ್ಯೂಡಿಯೇ ಒಮ್ಮೆ ಅದರ ಜೊತೆ ಒದ್ದಾಡಿ ಬೈದು ಬಿಟ್ಟಿದ್ದ. ಅತ್ತೆ ಚೀಲವನ್ನು ಕಾಲ ಬಳಿ ಇಟ್ಟು, ನೋಡದೆಯೇ, ನನ್ನ ಜೊತೆ ಮಾತಾಡುತ್ತಲೇ, ಟಕ ಟಕ ಟಕ ಟಕ ಎಂದು ನಾಲ್ಕನ್ನೂ ಸಿಕ್ಕಿಸಿ, ಹೆಗಲ ಪಟ್ಟಿ ಎಳೆದು ಬಿಗಿಮಾಡಿಕೊಂಡಳು.

"ನಡಿ, ಬೇಗ ನಡಿ," ಎಂದಳು. "ಹೋದ್ಸಲ ಗೇಟಲ್ಲಿ ಕಾಯಿಸಿದ್ರಲ್ಲ, ಇವತ್ತು ಹಾಗಾಗ್ಬಾರ್ದು."

ಆಮೇಲೆ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ಮುಂದಿನ ಗಾಜಿನಾಚೆ ಕಾಹಲ್ ನಿಂತಿದ್ದ.

ಯಾರೂ ನಗಲಿಲ್ಲ. ಹ್ಯೂಡಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಶವದ ಮುಂದೆ ನಿಂತವನಂತೆ. ಕಾಹಲ್ ಸುತ್ತು ಹಾಕಿಕೊಂಡು ಎಡಬಾಗಿಲಿಗೆ ಬಂದು ಮಳೆಯಲ್ಲೇ ಕುಕ್ಕರಗಾಲಿನಲ್ಲಿ ಕೂತ. ಕಾರು ಅಷ್ಟು ತಗ್ಗು, ತಾಯಿಯ ಮುಖ ನೋಡಬೇಕಾದರೆ ಕೂರಲೇಬೇಕು. ಅತ್ತೆಯ ಕೈ ಬಿಲ್ಲೆಯ ಮೇಲಿತ್ತು, ಬೆರಳು ಆಡುತ್ತಿರಲಿಲ್ಲ.

"ಹೇಗಿದಾನೆ?" ಎಂದ ಕಾಹಲ್.

ಅದನ್ನು ಅವಳು ನಿರೀಕ್ಷಿಸಿರಲಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ. ಮೂರು ವರ್ಷದಲ್ಲಿ ಅವನು ಅಣ್ಣನ ವಿಷಯ ಕೇಳಿದ್ದು ಅದೇ ಮೊದಲು. ಅತ್ತೆಯ ಮುಖ ಅರಳಿಬಿಟ್ಟಿತು, ಅಯ್ಯೋ, ಹೇಗೆ ಅರಳಿತು!

"ಸಣ್ಣಗಾಗಿದಾನೆ ಮಗಾ. ತುಂಬ ಸಣ್ಣಗಾಗಿದಾನೆ. ನಿದ್ದೆ ಬರಲ್ವಂತೆ. ಫಿಂಟನ್ ಹೆಸರು ಹೇಳ್ಕೊಂಡು ಅಳ್ತಾನೆ. ನಿನ್ನನ್ನ ಕೇಳ್ತಾನೆ, ಪ್ರತಿ ಸಲ ಕೇಳ್ತಾನೆ, ಕಾಹಲ್ ಬರ್ತಾನಾ ಅಂತ. ನೀನೂ ಒಂದ್ಸಲ..."

ಕಾಹಲ್ ಅವಳ ಮಾತು ಮುಗಿಯುವ ತನಕ ಕೇಳಿಸಿಕೊಂಡ. ಅವಳ ಕೋಟಿನ ತುದಿ ತೆರೆದ ಬಾಗಿಲ ಹೊರಗೆ ಜೋತುಬಿದ್ದಿತ್ತು, ಅದನ್ನು ಎತ್ತಿ ಅವಳ ತೊಡೆಯ ಮೇಲಿಟ್ಟ.

"ಸರಿ, ಹೋಗು," ಎಂದ. "ಅಲ್ಲೇ ಇರು."

"ಕಾಹಲ್..."

"ಸಾಮಾನು ನಾಳೆ ನಿನ್ ತಂಗಿ ಮನೆಗೆ ಕಳಿಸ್ತೀನಿ." ಬಾಗಿಲನ್ನು ಮೆಲ್ಲಗೆ ಮುಚ್ಚಿದ. ಆಮೇಲೆ ನನ್ನ ಕಡೆಯ ಕಿಟಕಿಗೆ ಬಂದು ಬಗ್ಗಿದ. ಕ್ಷಮಿಸು ಎನ್ನುತ್ತಾನೆ ಎಂದುಕೊಂಡೆ. ಅವನು ಅಂದದ್ದು, "ಬಿಟ್ಟು ಬೇಗ ಬಾ. ಡರ್ವ್ಲಾ ಕಾಯ್ತಿರ್ತಾಳೆ. ಊಟ ಬಿಸಿಯಾಗಿಟ್ಟಿರ್ತೀನಿ."

ಕಾರು ಚರ್ಚಿನ ಗೇಟು ದಾಟಿತು. ಸೇತುವೆ ದಾಟಿತು. ಅತ್ತೆ ಅಳಲಿಲ್ಲ. ವೈಪರ್ ಆಡುವುದನ್ನೇ ನೋಡುತ್ತಿದ್ದಳು.

"ನಿಂಗೆ ಸಮಾಧಾನ ಆಯ್ತಾ?" ಎಂದಳು.

"ಆಯ್ತು," ಎಂದೆ. ಸುಳ್ಳು ಯಾಕೆ ಹೇಳಲಿ, ಆಗಿತ್ತು. ಮಗಳು ಉಳಿದಿದ್ದಳು, ಮನೆ ಉಳಿದಿತ್ತು. ಅಮ್ಮನನ್ನು ಮಳೆಯಲ್ಲಿ ಹೊರಗೆ ಹಾಕಿ ಊಟ ಬಿಸಿ ಮಾಡಲು ಹೋದ ಗಂಡನೂ ಉಳಿದಿದ್ದ.

"ಭೇಟಿ ಎಷ್ಟೊತ್ತಿಗೆ?"

"ಇವತ್ತು ಭೇಟಿ ಇಲ್ಲ. ನಾನು ಬುಕ್ಕೇ ಮಾಡಿಲ್ಲ."

ಅವಳು ಕಾಲ ಬಳಿಯ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಸ್ಕೋನ್ ಮುರಿದಿದೆಯೇ ಎಂದು ಬಟ್ಟೆಯ ಮೇಲಿಂದಲೇ ಮುಟ್ಟಿ ನೋಡಿದಳು.

"ಆದ್ರೂ ಅಲ್ಲಿಗೇ ನಡಿ, ಬ್ರೋನಾ," ಎಂದಳು. "ಒಳಗೆ ಬಿಡದಿದ್ರೆ ಬೇಡ. ಹೊರಗಿಂದ ಆ ಗೋಡೆನಾದ್ರೂ ನೋಡ್ತೀನಿ."

ಅಲ್ಲಿಗೆ ಹೋಗಿಬರಲು ಇಡೀ ದಿನ ಬೇಕು. ನಾನು ಕಾರನ್ನು ಸ್ಲೈಗೋದಲ್ಲಿದ್ದ ಅವಳ ತಂಗಿಯ ಮನೆಯ ದಾರಿಗೆ ತಿರುಗಿಸಿದೆ. ಮನೆಯಲ್ಲಿ ಊಟ ಆರುತ್ತಿತ್ತು.